ಬಾಲದ ಕೀಲು

ಪೇಟೆಯಲ್ಲಿ ಬಟ್ಟೆ ಹೊಲಿಯುವ ಟೈಲರ್ ಮತ್ತು ಅವನ ಅಕ್ಕನ ಗಂಡ ಸೇರಿ ಒಂದು ಹಳೇ ಮೋಟಾರ್ ಗ್ಲೈಡರ್ ಕೊಂಡಿದ್ದರು. ಎರಡು ಸೀಟು, ಉದ್ದುದ್ದ ರೆಕ್ಕೆ, ಪುಟ್ಟ ಎಂಜಿನ್. ಎಂಜಿನ್ ಹಾಕಿಕೊಂಡು ಮೇಲೇರುವುದು, ಆಮೇಲೆ ಅದನ್ನು ಆರಿಸಿ ಹದ್ದಿನ ಹಾಗೆ ತೇಲುವುದು. ವಿಮೆ ಏಜೆಂಟನಾಗಿದ್ದ ಭಾವ ಇದನ್ನು ಹೋದಲ್ಲಿ ಬಂದಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಟೈಲರ್ ಸುಮ್ಮನೆ ಹಾರುತ್ತಿದ್ದ.

ಆ ವರ್ಷ ಒಂದು ಸೋಮವಾರ ವಿಮಾನಯಾನ ಇಲಾಖೆಯಿಂದ ಪತ್ರ ಬಂತು. ಈ ಮಾದರಿಯ ಗ್ಲೈಡರುಗಳ ಬಾಲದ ಕೀಲುಗಳನ್ನು ಬಿಚ್ಚಿ ತಪಾಸಣೆ ಮಾಡಿಸಬೇಕು, ಅಲ್ಲಿಯವರೆಗೆ ಹಾರುವಂತಿಲ್ಲ. ದೊಡ್ಡ ವರ್ಕ್‌ಶಾಪಿನವರು ಹೇಳಿದ ಖರ್ಚು ಕೇಳಿ ಭಾವನಿಗೆ ಬಿಕ್ಕಳಿಕೆ ಹತ್ತಿತು. ಮೂಗಿಗಿಂತ ಮೂಗುತಿಯೇ ಭಾರವಾಗಿತ್ತು.

ಗ್ಲೈಡರ್ ಹಾರಿಸುವ ಮೈದಾನದ ಕಾವಲುಗಾರ, ಎಲ್ಲರೂ 'ಸ್ಪ್ಯಾನರ್ ಅಕ್ಕ' ಎಂದು ಕರೆಯುವ ಹೆಂಗಸಿನ ವಿಳಾಸ ಕೊಟ್ಟ. ಆಕೆ ನಲವತ್ತು ವರ್ಷ ವಿಮಾನಗಳನ್ನು ರಿಪೇರಿ ಮಾಡಿ ನಿವೃತ್ತರಾಗಿದ್ದರು. ತಪಾಸಣೆಗೆ ಸಹಿ ಹಾಕುವ ಪರವಾನಗಿ ಇನ್ನೂ ಜೀವಂತವಾಗಿತ್ತು.

"ಅರ್ಧಕ್ಕಿಂತ ಕಮ್ಮೀಲಿ ಆಗುತ್ತೆ," ಎಂದರು ಅಕ್ಕ. "ಆದ್ರೆ ಬಿಚ್ಚೋದು, ಒರೆಸೋದು, ಜೋಡಿಸೋದು ನೀವು. ನಾನು ಕುರ್ಚಿ ಹಾಕ್ಕೊಂಡು ನೋಡ್ತೀನಿ."

"ನೋಡೋಕೂ ದುಡ್ಡಾ?" ಎಂದ ಭಾವ.

"ನೋಡೋಕೇ ದುಡ್ಡು."

ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಅಕ್ಕ ಕುರ್ಚಿಯಿಂದ ಏಳಲಿಲ್ಲ, ಕಣ್ಣು ಮಾತ್ರ ಆ ಇಬ್ಬರ ಕೈಯನ್ನು ಬಿಡಲಿಲ್ಲ. ಬಿಚ್ಚಿದ ಪ್ರತಿ ಬೋಲ್ಟನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿಸಿ, ಡಬ್ಬಿಗೆ ಚೀಟಿ ಅಂಟಿಸಿದರು. ಮಧ್ಯಾಹ್ನದ ಹೊತ್ತಿಗೆ ಭಾವನ ಸಹನೆ ಮುಗಿಯಿತು.

"ಅಕ್ಕಾ, ಹೋದ ವಾರ ತಾನೇ ಹಾರಿದ್ದೀವಿ. ಏನೂ ಆಗಿಲ್ಲ. ಒಂದು ಸಹಿ ಹಾಕ್ಬಿಡಿ."

"ನಿಮ್ಮ ಹತ್ರ ವಿಮೆ ಮಾಡಿಸ್ದೋರೂ ಹೀಗೇ ಅಂತಾರಾ?"

ಭಾವ ಬಟ್ಟೆ ಕೈಗೆತ್ತಿಕೊಂಡು ಒರೆಸತೊಡಗಿದ.

ಕೊನೆಯ ಕೀಲನ್ನು ಟೈಲರ್ ಒರೆಸುತ್ತಿದ್ದ. ಅದರ ಮೇಲೊಂದು ಕೂದಲು ಅಂಟಿತ್ತು. ಒರೆಸಿದ, ಹೋಗಲಿಲ್ಲ. ಮತ್ತೆ ಒರೆಸಿದ. ದಿನವಿಡೀ ನೂಲು ಹೆಕ್ಕಿ ಬದುಕುವ ಕೈ ಅವನದು. ಉಗುರಿನ ತುದಿಯಿಂದ ಕೀಳಲು ನೋಡಿದ. ಉಗುರು ಒಳಗೆ ಸಿಕ್ಕಿಕೊಂಡಿತು.

"ಅಕ್ಕಾ, ಇದು ಕೂದಲಲ್ಲ."

ಅಕ್ಕ ಆಗ ಎದ್ದರು. ಕನ್ನಡಕ ಹಣೆಗೇರಿಸಿ ಟಾರ್ಚ್ ಹಿಡಿದರು. "ಬಿರುಕು. ಮುಕ್ಕಾಲು ಭಾಗ ಹೋಗಿದೆ. ಇನ್ನು ಮೂರೋ ನಾಲ್ಕೋ ಸಲ ಹಾರಿದ್ರೆ ಬಾಲ ಒಂದ್ಕಡೆ, ನೀವೊಂದ್ಕಡೆ."

ಟೈಲರ್ ಕೀಲನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟ. ಹಿಂದಿನ ಭಾನುವಾರ ಗ್ಲೈಡರಿನ ಇನ್ನೊಂದು ಸೀಟಿನಲ್ಲಿ ಅವನ ಸ್ವಂತ ಅಕ್ಕ ಕೂತಿದ್ದಳು. ಭಾವನಿಗೂ ಅದೇ ನೆನಪಾಗಿರಬೇಕು. ಅವನು ನೆಲದ ಮೇಲೆ ಕೂತು ಸಂಜೆಯವರೆಗೆ ಬೋಲ್ಟುಗಳನ್ನೆಲ್ಲ ಒಂದೊಂದಾಗಿ ಮತ್ತೆ ಒರೆಸಿದ. ಮದುವೆಯಾದಾಗಿನಿಂದ ಅವನು ಅಷ್ಟು ಹೊತ್ತು ಶ್ರದ್ಧೆಯಿಂದ ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಹೊಸ ಕೀಲು ಬರಲು ಮೂರು ವಾರ ಹಿಡಿಯಿತು. ಜೋಡಿಸಿದ್ದನ್ನು ಅಕ್ಕ ಎರಡು ಸಲ ಬಿಚ್ಚಿಸಿ, ಮೂರನೆಯ ಸಲ ಸಹಿ ಹಾಕಿದರು. ಇಲಾಖೆಯ ಅಧಿಕಾರಿ ಬಂದು ಕೀಲು ಅಲುಗಾಡಿಸಿ ನೋಡಿ ಮುದ್ರೆ ಒತ್ತಿದ.

ಮೊದಲ ಹಾರಾಟದ ದಿನ ಟೈಲರ್ ಸ್ಪ್ಯಾನರ್ ಅಕ್ಕನನ್ನು ಕೇಳಿದ: "ಬರ್ತೀರಾ?"

"ಎಲ್ಲಿಗೆ?"

"ಮೇಲಕ್ಕೆ."

ಅಕ್ಕ ಸ್ವಲ್ಪ ಹೊತ್ತು ಕೈ ಒರೆಸಿಕೊಂಡರು. "ನಲವತ್ತು ವರ್ಷದಲ್ಲಿ ಯಾರೂ ಕರೆದಿರ್ಲಿಲ್ಲ," ಎಂದರು.

ಭಾವ ತನ್ನ ಸೀಟು ಬಿಟ್ಟುಕೊಟ್ಟು, ಬೆಲ್ಟನ್ನು ತಾನೇ ಕಟ್ಟಿ, ಎಳೆದೆಳೆದು ಪರೀಕ್ಷಿಸಿದ.

ಮೇಲೆ ಹೋಗಿ ಟೈಲರ್ ಎಂಜಿನ್ ಆರಿಸಿದ. ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೆಳಗೆ ಶೆಡ್ಡು ಅಂಗಿಯ ಗುಂಡಿಯಷ್ಟಾಗಿತ್ತು. ತಿರುಗಿ ನೋಡಿದರೆ ಅಕ್ಕನ ಕಣ್ಣು ತುಂಬಿತ್ತು.

"ಚೆನ್ನಾಗಿದೆಯಾ ಅಕ್ಕಾ?"

"ಎಡಗಡೆ ಕಿಟಕಿ ಸಡಿಲ ಇದೆ," ಎಂದರು ಅಕ್ಕ. "ಈಗ್ಲೇ ಇಳೀಬೇಡಿ."