ಅಕ್ಕನಿಗೊಪ್ಪುವ ಬಣ್ಣ

ಮೂರನೆಯ ಸೀರೆಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ ತಿಮ್ಮಯ್ಯ ತಲೆಯಾಡಿಸಿದ.

"ಇದೂ ಬ್ಯಾಡ. ನೋಡಿದ್ರೆ ಯಾರೂ ಚಕಾರ ಎತ್ಬಾರ್ದು, ಅಂಥದ್ದು ತೆಗಿ."

ಮಂಡ್ಯದ ಪೇಟೆ ಬೀದಿಯ ಜವಳಿ ಅಂಗಡಿ ಮಹದೇವು ನಕ್ಕ. "ಯಾವ್ದಾದ್ರೂ ತಕಳಿ ಗೌಡ್ರೆ. ಎಂಗೂ ನಿಮ್ಮಕ್ಕ ನಾಳೆ ನಿಮ್ಮುನ್ನ ಎಳ್ಕಂಡು ಬದಲಾಯ್ಸಕ್ಕೆ ಬತ್ತಾರಲ್ಲ."

"ಇನ್ ಬರಾಕಿಲ್ಲ ಕಣಪ್ಪ. ಬೆಳಗ್ಗೆ ತೀರ್ಕಂಡ್ಲು."

ಮಹದೇವು ಮಡಿಸುತ್ತಿದ್ದ ಸೀರೆಯ ಮೇಲೆ ಹಾಗೆಯೇ ಕೈಯೂರಿ ನಿಂತ.

ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಿಯೇ ಹೆಣ ಎತ್ತಬೇಕು. ಹನಕೆರೆಯಲ್ಲಿ ಅಕ್ಕ ಹೊಂಬಾಳಮ್ಮನನ್ನು ಜಗುಲಿಯ ಮೇಲೆ ಮಲಗಿಸಿ, ಎಲ್ಲರೂ ಇವನ ದಾರಿ ಕಾಯುತ್ತಿದ್ದರು. ಅವಳ ಮಗ ಪುನೀತ್ ಆಗಲೇ ಎರಡು ಸಲ ಫೋನು ಮಾಡಿದ್ದ. ತಿಮ್ಮಯ್ಯನ ಚಿಂತೆ ಹೊತ್ತಾಯಿತೆಂಬುದಲ್ಲ. ಅವನು ತಂದ ಒಂದು ಸೀರೆಯನ್ನೂ ಅಕ್ಕ ಈವರೆಗೆ ಒಪ್ಪಿದವಳಲ್ಲ. ಇದೊಂದನ್ನಾದರೂ ಒಪ್ಪುವಂತಿರಬೇಕಿತ್ತು.

*

ಗೌರಿ ಹಬ್ಬಕ್ಕೆ ಬಾಗಿನ ಒಯ್ದಾಗಲೆಲ್ಲ ಇದೇ ಪಾಡು.

"ಇದ್ಯಾವ ಬಣ್ಣಲಾ ತಿಮ್ಮ, ಹಣ್ಣಾದ ಆಗಲಕಾಯಿ ಇದ್ದಂಗದೆ! ಇದುನ್ನ ಉಟ್ಕಂಡು ಗದ್ದೆಗೋದ್ರೆ ಗಿಣಿ ಬಂದು ಕುಕ್ತವೆ ನನ್ನ!"

ಮರುದಿನ ಬೆಳಗ್ಗೆ ಗೊಣಗುತ್ತಲೇ ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟುವಳು. ಇಬ್ಬರೂ ಮಂಡ್ಯದ ಬಸ್ಸು ಹತ್ತುವರು. ಅಂಗಡಿಯಲ್ಲಿ ಕೈಗೆ ಸಿಕ್ಕ ಬೇರೊಂದನ್ನು ಗಳಿಗೆಯಲ್ಲಿ ಎತ್ತಿಕೊಳ್ಳುವಳು. ಆಮೇಲೆ ಹೋಟೆಲಿನಲ್ಲಿ ದೋಸೆ, ಸತ್ತುಹೋದ ಅಪ್ಪ ಅವ್ವನ ಮಾತು, ಮಕ್ಕಳ ಮೇಲಿನ ದೂರು. ಬಸ್ಸು ಹೋದರೆ, "ಓಗ್ಲಿ ಬುಡ್ಲಾ, ಇನ್ನೊಂದ್ ಬತ್ತದೆ" ಅನ್ನುವಳು.

*

ತಿಮ್ಮಯ್ಯ ಬದನೆ ಹೂವಿನ ಬಣ್ಣದ ಸೀರೆ ಹಿಡಿದು ಹನಕೆರೆಗೆ ಬಂದಾಗ ಭಾವ ನಿಂಗೇಗೌಡ ಬಂದವರಿಗೆ ಹೇಳುತ್ತಿದ್ದ: "ನಾಟಿ ಮುಗ್ಸೇ ಓದ್ಲು ಕಣ್ರಪ್ಪ. ವಾರವೆಲ್ಲ ಆಳುಗಳ್ಗೆ ಮುದ್ದೆ ತಿರುವಿದ್ಲು. ನೆನ್ನೆ ಸಂಜೆ ಕೈ ತೊಳ್ಕಂಡು, 'ಆಯ್ತಪ್ಪ ಈ ವರ್ಸುದ್ದು' ಅಂದು ಮಲಗ್ದೋಳು, ಏಳ್ನೇ ಇಲ್ಲ."

ತಿಮ್ಮಯ್ಯ ಸೀರೆಯನ್ನು ಅಕ್ಕನ ಸೊಸೆ ವೀಣಳ ಕೈಗಿತ್ತ. "ನೋಡವ್ವ, ಎಂಗದೆ? ನಿಮ್ಮತ್ತೆ ಒಪ್ಪೋಳಾ?"

ಅತ್ತು ಕೆಂಪಾಗಿದ್ದ ವೀಣಳ ಮುಖದಲ್ಲಿ ನಗು ಸುಳಿಯಿತು. "ಅತ್ತೇನಾ? ಸುತರಾಂ ಒಪ್ತಿರ್ನಿಲ್ಲ ಬುಡಿ ಮಾವ."

ತಿಮ್ಮಯ್ಯನ ಮುಖ ಇಳಿಯಿತು.

"ಅಯ್ಯೋ, ಬೇಜಾರ್ ಮಾಡ್ಕಬ್ಯಾಡಿ. ನೀವು ತಂದಿದ್ದು ಯಾವ್ದೂ ಕೆಟ್ಟದಾಗಿರ್ನಿಲ್ಲ. 'ಚೆಂದಾಗದೆ ಅಂದ್ರೆ ಉಂಡ್ಬುಟ್ಟು ಎದ್ದು ಓಯ್ತಾನೆ ಕಣವ್ವ. ಚೆಂದಾಗಿಲ್ಲ ಅಂದ್ರೆ ಇನ್ನೊಂದಿನ ನನ್ ಜೊತೇಲಿರ್ತಾನೆ' ಅಂತಿದ್ರು."

ತಿಮ್ಮಯ್ಯ ಅಕ್ಕನ ಮುಖವನ್ನೇ ನೋಡುತ್ತ ನಿಂತ.

"ಕಳ್ಳಿ," ಅಂದ. "ಕಳ್ಳಿ ಕಣವ್ವ ನಿಮ್ಮತ್ತೆ."

ಹೆಂಗಸರು ಸೀರೆ ಹೊದಿಸಿದರು. ಗಂಜಿ ಬಿಡದ ಹೊಸ ಬಟ್ಟೆ ಮಡಿಕೆ ಮಡಿಕೆಯಾಗಿ ಸೆಟೆದು ನಿಂತಿತು. ಚಟ್ಟ ಹೊರುವವರು ಹೆಗಲಿಗೆ ಟವಲು ಹಾಕಿಕೊಂಡು ಹತ್ತಿರ ಬಂದರು.

"ಆಯ್ತಾ ಮಾವ? ಬಿಸ್ಲೇರ್ತಾ ಅದೆ," ಅಂದ ಪುನೀತ್.

"ಇರ್ಲಾ, ಬತ್ತೀವಿ."

ತಿಮ್ಮಯ್ಯ ಅಕ್ಕನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅಂಚಿನಿಂದ ಹಿಡಿದು ಒಂದೊಂದೇ ಮಡಿಕೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ಸವರತೊಡಗಿದ.