ಸಂಜೆ ಕೆಲಸದ ಹಲ್ಲುಗಳು

ಅತ್ತೆಯ ಬಾಯಲ್ಲಿರುವ ಹಲ್ಲುಗಳು ಸೊಸೆಯ ಕೈಕೆಲಸ. ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ಅವಳೇ ಮೇಣದಲ್ಲಿ ಕೂರಿಸಿ, ಒಸಡಿನ ಬಣ್ಣ ಹೊಂದಿಸಿ, ಉಜ್ಜಿ ನುಣುಪು ಮಾಡಿ ತಂದುಕೊಟ್ಟಿದ್ದಳು. ಅದಕ್ಕೂ ಮೊದಲು ಅತ್ತೆಯ ಬೈಗುಳ ಅರ್ಧಕ್ಕರ್ಧ ತುಟಿಯಲ್ಲೇ ಸೋರಿಹೋಗಿ ಯಾರಿಗೂ ತಾಗುತ್ತಿರಲಿಲ್ಲ. ಈಗ ಒಂದೊಂದು ಅಕ್ಷರವೂ ಕತ್ತರಿಸಿಟ್ಟಷ್ಟು ಸ್ಪಷ್ಟ. ತಾನೇ ಮಾಡಿಕೊಟ್ಟ ಹಲ್ಲಿನಿಂದ ಬೈಸಿಕೊಳ್ಳುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಕ್ಕೀತು?

“ಕೈಯಲ್ಲಿ ವಿದ್ಯೆ ಇಟ್ಕೊಂಡು ಸಂಜೆಯೆಲ್ಲ ಸುಮ್ನೆ ಕೂತಿರ್ತೀಯಲ್ಲಮ್ಮ,” ಎಂದವು ಆ ಹಲ್ಲುಗಳು ಒಂದು ದಿನ.

ಅವಳು ಕೂತಿರಲಿಲ್ಲ. ಒಲೆಯ ಮುಂದೆ ನಿಂತಿದ್ದಳು. ಹಲ್ಲಿನ ಲ್ಯಾಬಿನಿಂದ ಬಂದು ಚಪ್ಪಲಿ ಬಿಟ್ಟವಳು ನೇರ ಅಡುಗೆಮನೆಗೆ ಹೊಕ್ಕಿದ್ದಳು. ಕೂತಿದ್ದವನು ಗಂಡ. ನೀರು ಸರಬರಾಜು ಕಚೇರಿಯ ಗುಮಾಸ್ತನಾದ ಅವನು ಬಿಸಿಲು ಇಳಿಯುವ ಮೊದಲೇ ಮನೆಗೆ ಬಂದು ಸೋಫಾದಲ್ಲಿ ಬೇರು ಬಿಡುತ್ತಿದ್ದ. ಅವನ ಪಕ್ಕದಲ್ಲಿ ಅವನ ತಮ್ಮ, ಅಂದರೆ ಅವಳ ಮೈದುನ. ಮೈದುನನಿಗೆ ಅವಳು ಮನಸ್ಸಿನಲ್ಲೇ ಐಡಿಯಾ ಎಂದು ಹೆಸರಿಟ್ಟಿದ್ದಳು. ಮೊಬೈಲ್ ಕವರು ಮಾರುವ ಐಡಿಯಾ ಆಗಿತ್ತು, ಬಣ್ಣದ ಮೀನು ಸಾಕುವ ಐಡಿಯಾ ಆಗಿತ್ತು. ಮೀನು ಸತ್ತ ಮೇಲೆ ಖಾಲಿ ಗಾಜಿನ ತೊಟ್ಟಿಗಳನ್ನು ಅವಳ ಅಟ್ಟಕ್ಕೇ ತಂದು ಏರಿಸಿದ್ದ.

ಈ ಸಲದ ಐಡಿಯಾದಲ್ಲಿ ಅವಳೂ ಇದ್ದಳು.

“ಅತ್ತಿಗೆ, ಜನಕ್ಕೆ ಸ್ವಂತ ಹಲ್ಲು ಇರುತ್ತೆ, ಆದ್ರೆ ಚೆನ್ನಾಗಿರಲ್ಲ. ಅದರ ಮೇಲೆ ಸಿಕ್ಕಿಸ್ಕೊಳ್ಳೋಕೆ ತೆಳ್ಳಗೆ ಒಂದು ಹೊದಿಕೆ. ಫೋಟೋಗೆ ಹಾಕ್ಕೋಬೇಕು, ಇಂಟರ್‌ವ್ಯೂಗೆ ಹಾಕ್ಕೋಬೇಕು, ತೆಗೆದು ಡಬ್ಬೀಲಿ ಇಡಬೇಕು. ನಾವು ಕಳಿಸೋ ಮೆತ್ತನೆ ಮುದ್ದೇಲಿ ಹಲ್ಲಿನ ಅಚ್ಚು ಅವರೇ ಕಚ್ಚಿ ಕಳಿಸ್ತಾರೆ. ನೀವು ಮಾಡಿಕೊಟ್ಟರೆ ಸಾಕು, ಮಿಕ್ಕಿದ್ದೆಲ್ಲ ನನಗೆ ಬಿಡಿ.”

“ಮಾಡೋದು ಬಿಟ್ಟರೆ ಮಿಕ್ಕಿದ್ದು ಏನಪ್ಪ?”

“ಮಾರ್ಕೆಟಿಂಗ್,” ಎಂದ ಮೈದುನ. ಕಾಲು ಅಲ್ಲಾಡಿಸುವುದಕ್ಕೂ ಅವನು ಇಂಥ ಒಂದು ಹೆಸರಿಡಬಲ್ಲವನು.

ಗಂಡ ಟೀವಿಯಿಂದ ಕಣ್ಣು ಕೀಳದೆ ತೀರ್ಪು ಕೊಟ್ಟ. “ಎಕ್ಸ್‌ಟ್ರಾ ಅಂದ್ರೆ ಎಕ್ಸ್‌ಟ್ರಾನೇ ಕಣೇ. ಇರೋ ಕೆಲಸ ಎಲ್ಲೂ ಓಡಿಹೋಗಲ್ಲ. ಬಂದರೆ ಬಂತು, ಹೋದರೆ ಸಂಜೆ ತಾನೇ ಹೋಗೋದು?”

ಯಾರ ಸಂಜೆ ಎಂದು ಅವಳು ಕೇಳಬಹುದಿತ್ತು. ಆದರೆ ಅವಳದು ನಾಳೆಯದನ್ನು ಇವತ್ತೇ ನೆನೆದು ಹೆದರುವ ಸ್ವಭಾವ. ಬಟ್ಟೆ ಒಗೆಯುವ ಯಂತ್ರ ಕೆಟ್ಟು ಕೂತಿತ್ತು, ಮಗಳು ಕಾಲೇಜು ಸೇರುವ ಕಾಲ ಹತ್ತಿರ ಬರುತ್ತಿತ್ತು. ಅಲ್ಲದೆ, ನಿಮ್ಮ ಕೈಯಿಲ್ಲದೆ ಆಗದು ಎಂಬಂತೆ ಆ ಮನೆಯಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು. ಹೊಗಳಿಕೆ ಮೈದುನನದೇ ಆದರೂ ಒಳಗೆ ಎಲ್ಲೋ ತಣ್ಣಗಾಗಿತ್ತು. ಒಪ್ಪಿಕೊಂಡಳು.

ಮಹಡಿಯ ಮೇಲಿನ ಕೋಣೆಯಲ್ಲಿ ಸಂಜೆಯ ಕಾರ್ಖಾನೆ ಶುರುವಾಯಿತು. ಇಸ್ತ್ರಿ ಮೇಜು ಕೆಲಸದ ಮೇಜಾಯಿತು. ಅಂಚೆಯಲ್ಲಿ ಬರುತ್ತಿದ್ದ ಅಚ್ಚುಗಳಲ್ಲಿ ಜನ ಕಚ್ಚಿದ ಗುರುತು ಮಾತ್ರವಲ್ಲ, ಹಿಂದಿನ ರಾತ್ರಿ ತಿಂದದ್ದರ ಗುರುತೂ ಇರುತ್ತಿತ್ತು. ಅವಳು ಅದಕ್ಕೆ ಗಾರೆ ಸುರಿದು ಹಲ್ಲಿನ ಪ್ರತಿಮೆ ತೆಗೆಯುವಳು, ಮೇಲೆ ಮೇಣದಲ್ಲಿ ಹೊಸ ಸಾಲು ಕಟ್ಟುವಳು. ಗಿರಾಕಿಗಳ ಬೇಡಿಕೆ ಒಂದೇ: ನೆಟ್ಟಗೆ, ಒಂದೇ ಎತ್ತರಕ್ಕೆ, ಎಲ್ಲಕ್ಕಿಂತ ಬಿಳಿ. ಬಣ್ಣದ ಪಟ್ಟಿಯ ಕೊನೆಯಲ್ಲಿರುವ ಆ ಬಿಳಿಯನ್ನು ಲ್ಯಾಬಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಕಮೋಡಿನ ಬಿಳಿ ಎಂದು ಕರೆಯುತ್ತಿದ್ದರು. ಇಲ್ಲಿ ಅದರ ಪುಡಿ ಎಷ್ಟು ತಂದರೂ ಸಾಲದು.

ಸಿಕ್ಕಿಸಿಕೊಂಡು ನಕ್ಕ ಫೋಟೋಗಳನ್ನು ಗಿರಾಕಿಗಳು ಕಳಿಸುತ್ತಿದ್ದರು. ದಪ್ಪನೆಯವರು, ಸಣಕಲರು, ಅಜ್ಜಂದಿರು, ಮದುವೆಗೆ ನಿಂತ ಹುಡುಗಿಯರು, ಎಲ್ಲರ ಬಾಯಲ್ಲೂ ಅದೇ ಸಾಲು. ಮೈದುನ ಒಂದೊಂದನ್ನೂ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸುವನು.

“ನೋಡಿ ಅತ್ತಿಗೆ, ಎಷ್ಟು ಖುಷಿಯಾಗಿದ್ದಾರೆ.”

“ಖುಷಿ ಅಲ್ಲ ಕಣೋ, ತುಟಿ ಮುಚ್ಚೋಕೆ ಆಗ್ತಿಲ್ಲ ಅವರಿಗೆ,” ಎನ್ನುವಳು.

ಅವನು ನಗುವನು. ಅವಳ ತಿರಸ್ಕಾರವನ್ನು ಅವನು ತಮಾಷೆ ಎಂದುಕೊಂಡಿದ್ದ. ಅವಳೂ ಹಾಗೇ ಅಂದುಕೊಂಡಳು, ಮೇಣ ಕಾಯಿಸಿದಳು, ಇನ್ನೊಂದು ಸಾಲು ಕಟ್ಟಿದಳು. ಮನಸ್ಸಿಟ್ಟು ಮಾಡುವ ಕೆಲಸವಲ್ಲವಾದ್ದರಿಂದ ಅದು ಅಂಟುವುದೂ ಇಲ್ಲ ಎಂಬುದು ಅವಳ ಧೈರ್ಯ. ಹೊಸ ಬಟ್ಟೆ ಯಂತ್ರ ಬಂತು. “ನಾವು ತಗೊಂಡ್ವಿ,” ಎಂದು ಗಂಡ ನೆರೆಯವರಿಗೆ ಹೇಳಿದ. ಆ ನಾವಿನಲ್ಲಿ ಸೋಫಾ ಕೂಡ ಸೇರಿತ್ತೋ ಏನೋ.

ಹಗಲಿನ ಕೆಲಸದ ಕ್ರಮ ಬೇರೆ. ಲ್ಯಾಬು ನಡೆಸುವ ಮುದುಕರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅಲ್ಲಿ ಕೂತವರಿಗೆಲ್ಲ ಕೆಲಸ ಕಲಿಸಿದವರು ಅವರೇ. ಹಲ್ಲೆಲ್ಲ ಉದುರಿದವರಿಗೆ ಸೆಟ್ಟು ಮಾಡುವಾಗ ಅವರ ಹಳೆಯ ಫೋಟೋ ಒಂದನ್ನು ತರಿಸಿ, ಕೆಲಸದ ಪೆಟ್ಟಿಗೆಗೆ ಅಂಟಿಸಬೇಕು. ನಕ್ಕ ಫೋಟೋವೇ ಆಗಬೇಕು. ಮೇಣದ ಮೇಲೆ ಮೊದಲ ಹಲ್ಲು ಇಡುವ ಮುಂಚೆ ಆ ಬಾಯಲ್ಲಿ ಏನು ಕೆಟ್ಟಿದೆ ಎಂದು ಹುಡುಕಬೇಕು. ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿರಬಹುದು, ಒಂದರ ಮೂಲೆ ಸವೆದಿರಬಹುದು. ಆ ಕೆಟ್ಟ ಹಲ್ಲನ್ನೇ ಮೊದಲು ಕೂರಿಸಬೇಕು; ಉಳಿದವು ಅದಕ್ಕೆ ಹೊಂದಿಕೊಂಡು ಕೂರುತ್ತವೆ. “ನೆಟ್ಟಗಿರೋದನ್ನ ಯಾರು ಬೇಕಾದರೂ ಕೂರಿಸ್ತಾರೆ. ಸೊಟ್ಟ ಗೊತ್ತಾಗ್ಬೇಕು,” ಎನ್ನುವರು ಮಾಸ್ತರು. ಹಿಂದಿನ ಹಲ್ಲುಗಳನ್ನು ಕೂರಿಸುವವರು ಅವಳೂ ಸೇರಿ ನಾಲ್ಕು ಜನ ಇದ್ದರು. ಮುಂದಿನ ಹಲ್ಲಿನ ಮೇಜು ಒಂದೇ, ಕಿಟಕಿಯ ಪಕ್ಕದ್ದು, ಮಾಸ್ತರದು. ಅವರ ಕೈ ನಡುಗಲು ಶುರುವಾದಾಗ ಅದನ್ನು ಅವಳಿಗೆ ಕೊಡುತ್ತೇನೆಂದು ಎಲ್ಲರೆದುರೂ ಹೇಳಿದ್ದರು. ಅವಳು ಜೀವನದಲ್ಲಿ ಆಸೆಪಟ್ಟ ಪೀಠೋಪಕರಣ ಅದೊಂದೇ.

ಮೇಜು ಬಿಟ್ಟುಕೊಡುವ ಮೊದಲು ಮಾಸ್ತರು ಅವಳಿಗೆ ಪರೀಕ್ಷೆಗೆಂದು ಒಂದು ಪೆಟ್ಟಿಗೆ ಕೊಟ್ಟರು. ನಿವೃತ್ತ ಬಸ್ ಕಂಡಕ್ಟರ್ ಒಬ್ಬನ ಬಾಯಿ. ಫೋಟೋದಲ್ಲಿ ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಿವಿಯಿಂದ ಕಿವಿಗೆ ನಕ್ಕಿದ್ದ. ಮುಂದಿನ ಎರಡು ಹಲ್ಲುಗಳ ನಡುವೆ ಟಿಕೆಟ್ಟು ತೂರಿಸುವಷ್ಟು ಸಂದಿ. ಎಡಗಡೆಯದು ಸ್ವಲ್ಪ ಮುಂದಕ್ಕೆ ಬಂದು, ಏನೋ ಹೇಳಲು ಹೊರಟ ಹಾಗಿತ್ತು.

ಅವಳು ಫೋಟೋ ನೋಡಿದಳು. ಚೆನ್ನಾಗಿಯೇ ನೋಡಿದಳು. ಆಮೇಲೆ ಮೇಣ ಕಾಯಿಸಿ ಕೆಲಸಕ್ಕೆ ಕೂತಳು, ಮುಗಿಸಿದಳು. ಇಷ್ಟು ಸಲೀಸಾಗಿ ಒಂದು ಸೆಟ್ಟು ಮುಗಿದದ್ದು ಅವಳಿಗೆ ನೆನಪಿರಲಿಲ್ಲ.

ಹಲ್ಲಿನ ಡಾಕ್ಟರು ಕಂಡಕ್ಟರನನ್ನೂ ಅವನ ಹೆಂಡತಿಯನ್ನೂ ಲ್ಯಾಬಿಗೇ ಕಳಿಸಿದ್ದರು. ಮೇಣದಲ್ಲಿರುವಾಗಲೇ ಬಾಯಿಗೆ ಇಟ್ಟು ನೋಡುವುದು ಪದ್ಧತಿ. ಬೇಯಿಸಿ ಗಟ್ಟಿ ಮಾಡಿದ ಮೇಲೆ ತಿದ್ದಲು ಬಾರದು. ಮಾಸ್ತರು ಅದನ್ನು ಅವನ ಬಾಯಿಗೆ ಇಟ್ಟರು. ಕಂಡಕ್ಟರ್ ಕನ್ನಡಿ ನೋಡಿಕೊಂಡು, ಯಾರೋ ದೊಡ್ಡವರ ಮುಂದೆ ನಿಂತವನಂತೆ ಬೆನ್ನು ನೆಟ್ಟಗೆ ಮಾಡಿದ.

“ಭಾರಿಯಾಗಿದೆ,” ಎಂದ ಮೆಲ್ಲಗೆ.

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವನನ್ನೇ ನೋಡಿದಳು. ಕೊನೆಗೆ ಮಾಸ್ತರಿಗೆ ಹೇಳಿದಳು, “ಸಾರ್, ತಪ್ಪು ತಿಳ್ಕೋಬೇಡಿ. ಇವರು ನಮ್ಮೋರಲ್ಲ. ಯಾವುದೋ ಬ್ಯಾಂಕಿನ ಮ್ಯಾನೇಜರ್ರು. ಇವರ ಜೊತೆ ನಾನು ಮನೆಗೆ ಹೇಗೆ ಹೋಗ್ಲಿ?”

ಪಾಲಿಷ್ ಮಾಡುವವಳು ಕಿಸಕ್ಕೆಂದಳು. ಮಾಸ್ತರು ನಗಲಿಲ್ಲ. ಆ ದಂಪತಿಗಳನ್ನು ಕಳಿಸಿ, ಸೆಟ್ಟನ್ನೂ ಫೋಟೋವನ್ನೂ ಅವಳ ಮುಂದೆ ಇಟ್ಟರು.

“ಮೊದಲು ಯಾವ ಹಲ್ಲು ಕೂರಿಸ್ದೆ?”

ಅವಳು ನೆನೆಸಿಕೊಂಡಳು. ನಡುವಿನ ಗೆರೆ ಎಳೆದಿದ್ದಳು. ಗೆರೆಯ ಎರಡೂ ಬದಿ ಎರಡು ಹಲ್ಲು ಒತ್ತಾಗಿ, ಆಮೇಲೆ ಅತ್ತೊಂದು ಇತ್ತೊಂದು. ಮಹಡಿಯ ಕ್ರಮ ಅದು. ಸಂದಿಯನ್ನು ಕಣ್ಣು ಕಂಡಿತ್ತು, ಕೈ ಮುಚ್ಚಿಬಿಟ್ಟಿತ್ತು. ಅದು ಮರೆವಾಗಿದ್ದರೆ ಕ್ಷಮಿಸಿಕೊಳ್ಳಬಹುದಿತ್ತು. ಕೈ ಉಪಕಾರ ಮಾಡಿದೆನೆಂದುಕೊಂಡಿತ್ತು.

“ಬೇರೆ ಎಲ್ಲೋ ಕೆಲಸ ಮಾಡ್ತಿದ್ದೀಯ,” ಎಂದರು ಮಾಸ್ತರು. ಪ್ರಶ್ನೆಯಾಗಿರಲಿಲ್ಲ. “ಮಾಡು, ಬೇಡ ಅನ್ನಲ್ಲ. ನಾನೂ ನಿನ್ನ ವಯಸ್ಸಲ್ಲಿ ಸಂಜೆ ಹೊತ್ತು ಗಡಿಯಾರ ರಿಪೇರಿ ಮಾಡ್ತಿದ್ದೆ. ಆದರೆ ಅದು ಗಡಿಯಾರ. ನೀನು ಹಲ್ಲೇ ಮಾಡ್ತಿದ್ದೀಯ. ಇದನ್ನ ಕಿತ್ತು ಮತ್ತೆ ಕೂರಿಸು. ಆಗ ನೋಡೋಣ, ಮೇಜಿನ ವಿಷಯಾನೂ ಆಗಲೇ.”

ಅವಳು ಕಿತ್ತಳು. ಎಡಗಡೆಯ ಹಲ್ಲನ್ನೇ ಮೊದಲು ಇಟ್ಟಳು, ಮುಂದಕ್ಕೆ ತಂದಳು. ಬಲಗಡೆಯದನ್ನು ಇಡುತ್ತಿದ್ದಂತೆ ಬೆರಳು ಎರಡನ್ನೂ ಸಾಲಿಗೆ ತಂದು ಸಮ ಮಾಡಿತು. ಮತ್ತೆ ಕಿತ್ತಳು. ಈ ಸಲ ಸಂದಿ ಬಂತು, ಆದರೆ ಅದು ಅಳತೆಪಟ್ಟಿ ಹಿಡಿದು ಬಿಟ್ಟ ಸಂದಿ. ಹುಟ್ಟಿನಿಂದ ಬಂದದ್ದಲ್ಲ, ಮಂಜೂರಾದದ್ದು. ಅವಳಿಗೆ ತನ್ನ ಕೈಯ ಮೇಲೆ ಮೈದುನನ ಮೇಲಿದ್ದಷ್ಟೇ ಅಸಹ್ಯ ಬಂತು. ಇಷ್ಟು ವರ್ಷ ಸಾಕಿದ ಕೈ, ನಾಲ್ಕು ಸಂಜೆ ಹೊಗಳಿದವರ ಹಿಂದೆ ಬಾಲ ಅಲ್ಲಾಡಿಸುತ್ತ ಹೊರಟಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಎದುರು ಸೀಟಿನವರ ಬಾಯಿಗಳನ್ನು ನೋಡಿದಳು. ಓರೆ ಹಲ್ಲು ಕಂಡಲ್ಲೆಲ್ಲ ತಿದ್ದಬೇಕೆನಿಸಿತು. ಮೊದಲು ಹಾಗೆ ಅನಿಸುತ್ತಿರಲಿಲ್ಲ, ನೋಡಿ ನೆನಪಿಟ್ಟುಕೊಳ್ಳಬೇಕೆನಿಸುತ್ತಿತ್ತು. ಹೆದರಿಕೆಯಾಯಿತು.

ಮನೆಯಲ್ಲಿ ಮೈದುನ ಹೊಸ ಅಚ್ಚುಗಳ ಚೀಲ ಹಿಡಿದು ಕಾದಿದ್ದ.

“ನಾನಿನ್ನು ಮಹಡಿಗೆ ಬರಲ್ಲ ಕಣಪ್ಪ,” ಎಂದಳು.

ಗಂಡ ಟೀವಿಯ ಸದ್ದು ತಗ್ಗಿಸಿದ. ಆ ಮನೆಯಲ್ಲಿ ಅದು ದೊಡ್ಡ ಘಟನೆ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆಯೂ ಸೇರಿ ಮೂವರೂ ಕೇಳಿಸಿಕೊಂಡರು.

“ಒಂದು ಹಲ್ಲು ಸೊಟ್ಟ ಬರಲಿಲ್ಲ ಅಂತ ಇಷ್ಟು ರಾದ್ಧಾಂತನಾ?” ಎಂದ ಗಂಡ. “ಲೋಕದಲ್ಲಿ ಯಾರಾದ್ರೂ ಹಲ್ಲು ನೆಟ್ಟಗಾಯ್ತು ಅಂತ ಅಳ್ತಾರೇನೇ?”

“ಆ ಹೆಂಗಸು ಅಳೋ ಹಾಗೇ ಆಗಿದ್ರು ರೀ.”

“ತಲೆ ಕೆಟ್ಟಿರಬೇಕು. ಬಿಟ್ಟಿ ಮ್ಯಾನೇಜರ್ ಸಿಕ್ಕಿದ್ದ.”

“ಅತ್ತಿಗೆ, ಆ ಮೇಜು ಸಿಕ್ಕಿದ್ರೆ ನಿಮಗೇನು ಜಾಸ್ತಿ ಬರುತ್ತೆ?” ಮೈದುನ ಕೇಳಿದ. “ಇಲ್ಲಿ ಬರೋದರ ಮುಂದೆ ಅದು ಏನೂ ಅಲ್ಲ. ಬೇಕಾದ್ರೆ ಲ್ಯಾಬೇ ಬಿಟ್ಟುಬಿಡಿ. ಪೂರ್ತಿ ಇದೇ ಮಾಡೋಣ.”

ಲೆಕ್ಕ ತಪ್ಪಿರಲಿಲ್ಲ. ಅದೇ ಅವಳನ್ನು ಉರಿಸಿದ್ದು. ಸಂಜೆಯ ಕೆಲಸ ಹಗಲಿನದಕ್ಕೆ ಸೇರಿಸಿಕೊಳ್ಳುವ ಪುಡಿಗಾಸು ಎಂದು ಶುರುವಾಗಿತ್ತು. ಈಗ ಅದು ಹಗಲಿನದನ್ನೇ ಹೊರಗೆ ಹೋಗು ಎನ್ನುತ್ತಿತ್ತು. ಮೂವರು ಬುದ್ಧಿವಂತರಿಗೂ ಅದು ಲಾಭವಾಗಿಯೇ ಕಾಣುತ್ತಿತ್ತು.

“ಬಟ್ಟೆ ಯಂತ್ರ ಬರೋವಾಗ ಚೆನ್ನಾಗಿತ್ತು,” ಎಂದರು ಅತ್ತೆ, ಪ್ರತಿ ಅಕ್ಷರವನ್ನೂ ಕಚ್ಚಿ. “ಈಗ ಮೇಜಿನ ಹುಚ್ಚು.”

“ಹೌದು ಅತ್ತೆ, ಹುಚ್ಚೇ,” ಎಂದಳು ಅವಳು. “ನಿಮ್ಮ ಕೋರೆಹಲ್ಲು ಸ್ವಲ್ಪ ಒಳಗೆ ತಿರುಗಿದೆ, ನೋಡ್ಕೊಂಡಿದ್ದೀರಾ? ನಿಮ್ಮ ಮದುವೆ ಫೋಟೋ ಇಟ್ಕೊಂಡು ಹಾಗೆ ಕೂರಿಸ್ದೆ. ಇವನ ಮಹಡೀಲಿ ಮಾಡಿದ್ರೆ ನೀವೂ ಇವನ ಗಿರಾಕಿಗಳೂ ಒಂದೇ ಥರ ಬೈತಿದ್ರಿ.”

ಅತ್ತೆ ನಾಲಿಗೆಯಿಂದ ಹಲ್ಲು ತಡವಿಕೊಂಡರು. ಆಮೇಲೆ ಎರಡು ದಿನ ಊಟದ ಹೊತ್ತಿಗೆ ಮುಖ ಗಂಟಿಕ್ಕಿಕೊಂಡೇ ಇದ್ದರು.

ಆ ಭಾನುವಾರ ಅವಳು ಮಹಡಿಗೆ ಹೋಗಲಿಲ್ಲ. ಮೈದುನ ಎರಡು ಸಲ ಬಂದು, “ಇದೊಂದೇ ಚೀಲ ಅತ್ತಿಗೆ,” ಎಂದ. ಅವಳು ಲ್ಯಾಬಿನಿಂದ ತಂದ ಕಂಡಕ್ಟರನ ಫೋಟೋವನ್ನು ಕಿಟಕಿಗೆ ಒರಗಿಸಿ ನೋಡುತ್ತ ಕೂತಿದ್ದಳು, ಕೈಯನ್ನು ಮಡಿಲಲ್ಲಿ ಕಟ್ಟಿಹಾಕಿದ ಹಾಗೆ ಇಟ್ಟುಕೊಂಡು. ಏನೂ ಮಾಡದೆ ಸುಮ್ಮನೆ ಕೂತದ್ದು ಅವಳಿಗೆ ತಿಳಿದಂತೆ ಅದೇ ಮೊದಲು. ಮನೆಯವರೆಲ್ಲ ಅದನ್ನೇ ಕಾದಿದ್ದವರ ಹಾಗೆ ಬಂದು ಬಂದು ನೋಡಿಹೋದರು.

ಕಂಡಕ್ಟರ್ ಹೆಂಡತಿಯೊಡನೆ ಮತ್ತೆ ಬಂದ. ಆ ಸೆಟ್ಟನ್ನು ಎಷ್ಟು ಸಲ ಕಿತ್ತಿದ್ದಳೆಂದರೆ ಮೇಣ ಸುಸ್ತಾಗಿ ಹೊಸದು ಹಾಕಬೇಕಾಗಿತ್ತು. ಮಾಸ್ತರು ಹಲ್ಲು ಇಟ್ಟರು. ಕಂಡಕ್ಟರ್ ಈ ಸಲ ಕನ್ನಡಿ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. ನಕ್ಕ.

ಹೆಂಡತಿ ಹತ್ತಿರ ಬಂದು ಕತ್ತು ಓರೆ ಮಾಡಿ ನೋಡಿದಳು.

“ಸಾಕು, ಬಾಯಿ ಮುಚ್ಚಿ,” ಎಂದಳು. “ಜನ ನೋಡ್ತಿದ್ದಾರೆ.” ಆಮೇಲೆ ಮಾಸ್ತರ ಕಡೆ ತಿರುಗಿ, “ಇವರೇ ಸಾರ್. ಒಂಚೂರು ಇನ್ನೂ ಮುಂದೆ ಬರಬೇಕು, ಆದ್ರೆ ಇವರೇ.”

ಮಾಸ್ತರು ಆ ಒಂಚೂರನ್ನು ಹಿಡಿದುಕೊಂಡರು. ಅವರು ಹೊಗಳಿ ಅಭ್ಯಾಸವಿದ್ದವರಲ್ಲ. “ಮುಂದೆ ತಂದು ಬೇಯಿಸು,” ಎಂದರು. “ಮೇಜಿನ ಮಾತು ಈಗ ಬೇಡ. ಇನ್ನೂ ಕೆಲವು ಬಾಯಿ ಆಗಲಿ. ಕೈ ಪೂರ್ತಿ ವಾಪಸ್ ಬಂದಿಲ್ಲ.”

ಹೌದು ಎಂದಳು. ಅವಳಿಗೂ ಗೊತ್ತಿತ್ತು.

ಮಧ್ಯಾಹ್ನ ಮೈದುನನ ಫೋನು. ಅವಳ ಪಾಲು ಹೆಚ್ಚಿಸುತ್ತೇನೆಂದ, ದೇವರಾಣೆ ಎಂದ. ಅವಳು ಬೇಡ ಎಂದಳು.

“ಮೇಜು ಸಿಕ್ತಾ ಹಾಗಾದ್ರೆ?”

“ಇಲ್ಲ.”

“ಅದೂ ಸಿಗಲಿಲ್ಲ, ಇದೂ ಬಿಟ್ರಿ. ಏನು ಮಾಡಿದ ಹಾಗಾಯ್ತು ಅತ್ತಿಗೆ?”

“ಒಬ್ಬರ ಬಾಯಿ ಸರಿಯಾಗಿ ಕೆಡಿಸ್ದೆ ಕಣಪ್ಪ,” ಎಂದಳು. “ನಿನ್ನ ಗಿರಾಕಿಗಳನ್ನ ನೀನೇ ನಗಿಸ್ಕೋ.”

ಆ ಕಡೆ ಅವನು ನಕ್ಕ, ಇದೂ ತಮಾಷೆಯೇ ಎಂದುಕೊಂಡು. ಅವಳು ಫೋನಿಟ್ಟು, ಮೇಣದ ಚಾಕು ಕಾಯಿಸಿ, ಕಂಡಕ್ಟರನ ಎಡಗಡೆಯ ಹಲ್ಲನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದಳು. ಕೈ ಒಲ್ಲೆ ಎಂದಿತು. ಇನ್ನೊಮ್ಮೆ ತಂದಳು.