ಯಾರೂ ಎಳೆಯದ ಹಗ್ಗ

ಆ ಗಂಟೆಯನ್ನು ತಂದವನು ಅರ್ಸಲಾನ್. ಶಿವಾಜಿನಗರದಲ್ಲಿ ಅವನ ಮಾಮುವಿನ ಗುಜರಿ ಅಂಗಡಿಯಲ್ಲಿ ಹಳೆಯ ನಲ್ಲಿಗಳ ರಾಶಿಯಡಿ ಬಿದ್ದಿತ್ತಂತೆ. ಕಪ್ಪುಗಟ್ಟಿದ ಹಿತ್ತಾಳೆ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಗರುಡಾಚಾರ್‌ಪಾಳ್ಯದ ನಮ್ಮ ಆಫೀಸು ಮೊದಲು ಲೇತ್ ಮಷೀನುಗಳ ಶೆಡ್ಡಾಗಿತ್ತು. ಸೂರಿನ ಕಬ್ಬಿಣದ ತೊಲೆಗೆ ಗಂಟೆ ಕಟ್ಟಿ, ಕೈಗೆಟಕುವಂತೆ ಕೆಂಪು ಹಗ್ಗ ಇಳಿಬಿಟ್ಟರು.

ನಮ್ಮ ಮ್ಯಾನೇಜರ್ ಸುಗತ ಆಗಷ್ಟೇ ‘ಲೀನ್’ ತರಬೇತಿ ಮುಗಿಸಿ ಬಂದಿದ್ದರು. ಕಾರು ಕಾರ್ಖಾನೆಯವರ ಪದ್ಧತಿಯಲ್ಲಿ ಸಾಫ್ಟ್‌ವೇರ್ ಮಾಡಬೇಕು. ಬೇಡದ್ದನ್ನೆಲ್ಲ ಕಿತ್ತುಹಾಕಬೇಕು, ಸುಮ್ಮನೆ ಕಾಯುವುದೂ ವೇಸ್ಟೇ. ತಪ್ಪು ಕಂಡವರು ಯಾರೇ ಆಗಲಿ ಹಗ್ಗ ಎಳೆದರೆ ಎಲ್ಲರ ಕೆಲಸವೂ ನಿಲ್ಲಬೇಕು. ಗಂಟೆಗೆ ಚೆಂಡುಹೂವಿನ ಹಾರ ಹಾಕಿ ಕುಂಕುಮ ಇಟ್ಟೆವು. ನಾನು ಹಗ್ಗಕ್ಕೆ ಕೈ ಚಾಚಿದಾಗ ಸುಗತ ತಡೆದರು.

“ಬೇಡಮ್ಮ. ಪೂಜೆ ದಿನಾನೇ ನಿಲ್ಸೋ ಗಂಟೆ ಯಾರಾದ್ರೂ ಬಾರಿಸ್ತಾರಾ?”

ಆಮೇಲೆ, ಗಂಟೆ ಎಷ್ಟು ಸಲ ಬಾರಿಸಿತು ಎಂಬುದನ್ನೂ ಮೇಲಿನವರ ವರದಿಗೆ ಸೇರಿಸಿ, ವಾರವಾರವೂ ಗೋಡೆಯ ಮೇಲೂ ಬರೆಯತೊಡಗಿದರು. ಸೊನ್ನೆ ಬಂದ ವಾರ ಎಲ್ಲರಿಗೂ ಸಮೋಸಾ. ಪ್ರತಿವಾರವೂ ಸಮೋಸಾ ತಿಂದೆವು.

ನಾನು ಅಲ್ಲಿ ಟೆಸ್ಟರ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿದರೆ ವಾಚ್‌ಮನ್ ಫೋನಿನಲ್ಲಿ ಕೆಂಪು ದೀಪ ಹೊತ್ತಿ ಕೂಗಬೇಕು, ಇಲ್ಲದಿದ್ದರೆ ಹಸಿರು: ಅಂಥದೊಂದು ಆ್ಯಪ್ ಮಾಡುತ್ತಿದ್ದೆವು. ಮೊದಲು ಅದು ಹೋಗಬೇಕಿದ್ದದ್ದು ಮಹದೇವಪುರದ ಒಂದು ಅಪಾರ್ಟ್‌ಮೆಂಟಿಗೆ. ಅಲ್ಲಿಯ ವಾಚ್‌ಮನ್ ಭೀಮಾಶಂಕರ ನನ್ನ ಸೋದರಮಾವ. ಅವರಿಗೆ ಕೊಟ್ಟ ಕೋಣೆ ಬೇಸ್‌ಮೆಂಟಿನಲ್ಲೇ, ಪಂಪಿನ ಪಕ್ಕ. ಮಳೆ ಬಂದರೆ ಮಾಮಾ ಬೆಳಗಾಗುವವರೆಗೂ ಟಾರ್ಚ್ ಹಿಡಿದು ನೀರು ನೋಡುತ್ತ ಕೂರುತ್ತಿದ್ದರು. ನಾನೇ ಬಾಯಿಬಿಟ್ಟು ಆಫೀಸಿನಲ್ಲಿ ಇದನ್ನು ಹೇಳಿದ್ದೆ. ಸುಗತ ಅದನ್ನು ಚೀಟಿಯಲ್ಲಿ ಬರೆದು, ‘ವೇಸ್ಟ್’ ಎಂಬ ತಲೆಬರಹದ ಕೆಳಗೆ ಗೋಡೆಗೆ ಅಂಟಿಸಿದರು. ಮಾಮಾಗೂ ಖುಷಿಯೇ.

“ಹಸರು ದೀಪ ಬಂತಂದ್ರ ನಾನೂ ಮಳ್ಯಾಗ ಮಲಗ್ತೀನವ್ವಾ,” ಎಂದಿದ್ದರು.

ಆ್ಯಪ್ ಬಿಡುಗಡೆಗೆ ಒಂದು ವಾರ ಇರುವಾಗ, ನೀರು ಅಳೆಯುವ ಸಾಧನವನ್ನು ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿದೆ. ಫೋನು ಹಸಿರಾಗಿಯೇ ಇತ್ತು. ಮುಳುಗಿದ್ದರಿಂದ ಸುದ್ದಿ ಬರುವುದು ನಿಂತಿತ್ತು. ಫೋನು ಹಳೆಯ ಸುದ್ದಿಯನ್ನೇ ಹಿಡಿದುಕೊಂಡಿತ್ತು. ಮತ್ತೆ ಮುಳುಗಿಸಿದಾಗ ಕೆಂಪು. ಆಮೇಲೆ ಎಷ್ಟು ಸಲ ಮಾಡಿದರೂ ಕೆಂಪೇ.

ಆ ಮೊದಲ ಹಸಿರು ನೋಡುತ್ತಿದ್ದಾಗಲೇ ಗಂಟೆ ಕೇಳಿಸಿದ್ದು. ಒಂದೇ ಸಲ, ನೀರಿನೊಳಗಿಂದ ಬಂದಂತೆ. ತಲೆಯೆತ್ತಿದೆ. ಹಗ್ಗ ಅಲುಗುತ್ತಿರಲಿಲ್ಲ. ಉಳಿದವರು ಯಾರೂ ತಿರುಗಿ ನೋಡಲಿಲ್ಲ.

ಕೋಡ್ ಬರೆದವನು ಅರ್ಸಲಾನ್. ಹಸಿರಿನ ವಿಷಯ ಅವನಿಗೆ ಹೇಳಿದೆ.

“ಒಂದ್ಸಲ ತಾನೇ? ಬಿಡು ಮಗಾ, ಅಷ್ಟಕ್ಕೆ ಸಮೋಸಾ ಕಳ್ಕೋಬೇಕಾ?” ಎಂದ. ನಕ್ಕ, ಆದರೆ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಆ ಸದ್ದು ನನ್ನ ಬೆನ್ನು ಬಿಡಲಿಲ್ಲ. ಮೆಟ್ರೋದಲ್ಲಿ ನಿಂತಾಗ, ಕೆ.ಆರ್. ಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಪಾತ್ರೆ ತೊಳೆಯುವಾಗ. ಕೊನೆಗೆ ಅಜ್ಜಿಗೆ ಹೇಳಿದೆ. ಅಯ್ಯಮ್ಮಜ್ಜಿಯ ಕಥೆಗಳಲ್ಲೊಂದು ಎತ್ತಿನದು. ಸದ್ದು ಸಹಿಸದ ಗೌಡನೊಬ್ಬ ಎತ್ತಿನ ಕೊರಳಗಂಟೆಗೆ ಅರಳೆ ತುರುಕಿದ. ಎತ್ತು ಮುಸ್ಸಂಜೆಯಲ್ಲಿ ಬಾವಿಗೆ ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಆ ಬಾವಿಯ ಹತ್ತಿರ ಯಾರು ಹೋದರೂ ಒಳಗಿನಿಂದ ಗಂಟೆ ಬಾರಿಸುತ್ತಿತ್ತು. ಅದು ದೆವ್ವವಾ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ದೆವ್ವ ಯಾಕಾಗ್ತದ? ಎತ್ತು. ಹಿಂದಕ್ಕ ಹೋಗ್ರಿ ಅಂತದ,” ಎಂದಿದ್ದಳು.

ಈಗ ಅವಳು ಜೋಳದ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ಗಂಟಿ ಬಿಡು. ಬಾವಿ ಎಲ್ಲದ, ಅದನ್ನ ಹೇಳು.”

ನನಗೆ ಉತ್ತರ ಗೊತ್ತಿತ್ತು. ಆ ಬೇಸ್‌ಮೆಂಟಿನಲ್ಲಿ ಮಲಗುವವನು ಅವಳ ಮಗ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ.

ಶುಕ್ರವಾರ ಮಧ್ಯಾಹ್ನಕ್ಕೇ ಮೋಡ ಕವಿದಿತ್ತು. ಆ್ಯಪ್ ಹೊರಗೆ ಬಿಡಲು ಸುಗತ ಮೌಸ್ ಮೇಲೆ ಕೈಯಿಟ್ಟು ಕೂತಿದ್ದರು.

“ಎಲ್ಲಾ ಓಕೆನಾ? ಪ್ರಿಯದರ್ಶಿನಿ?”

“ಒಂದ್ಸಲ ನೀರಲ್ಲಿ ಮುಳುಗಿದ್ರೂ ಹಸಿರು ತೋರಿಸ್ತು ಸರ್.”

“ಮಾಡಿ ತೋರ್ಸಿ.”

“ಮತ್ತೆ ಆಗ್ತಿಲ್ಲ.”

“ಹಾಗಾದ್ರೆ ಅದು ಬಗ್ ಅಲ್ಲಮ್ಮ, ನಿಮ್ಮಜ್ಜಿ ಕಥೆ.”

ಎಲ್ಲರೂ ನಕ್ಕರು. ನಾನು ಎದ್ದು ಹೋಗಿ ಹಗ್ಗ ಎಳೆದೆ.

ಗಂಟೆ ತೂಗಿತು. ಸದ್ದಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದೆ. ಪೂಜೆಯ ದಿನದ ಒಣಗಿದ ಚೆಂಡುಹೂ ಪುಡಿಯಾಗಿ ತಲೆಯ ಮೇಲೆ ಉದುರಿತು, ಅಷ್ಟೇ.

“ಅದಕ್ಕೆ ನಾಲಿಗೆ ಇಲ್ಲ,” ಎಂದ ಅರ್ಸಲಾನ್.

“ಯಾವಾಗಿಂದ?” ಸುಗತ ಕೇಳಿದರು.

“ತಂದಾಗಿಂದ ಸರ್. ಯಾರಾದ್ರೂ ಎಳೆದ್ರೆ ಹಾಕಿಸೋಣ ಅಂದ್ಕೊಂಡಿದ್ದೆ. ಯಾರೂ ಎಳೀಲಿಲ್ಲ.”

ಗೋಡೆಯ ತುಂಬ ಸೊನ್ನೆಗಳು. ಇಷ್ಟು ದಿನ ನನ್ನ ಕಿವಿಗೆ ಬಿದ್ದದ್ದು ಏನು?

ಮೌಸ್ ಮೇಲೆ ಸುಗತರ ಬೆರಳು ಇನ್ನೂ ಇತ್ತು. ಕುರ್ಚಿಯ ಮೇಲೆ ಹತ್ತಿದೆ. ಅಜ್ಜಿ ರೊಟ್ಟಿ ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿಯಿಂದ ಗಂಟೆಯ ಅಂಚಿಗೆ ಹೊಡೆದೆ.

ಅದೇ ಸದ್ದು. ನೀರಿನೊಳಗಿಂದ ಬಂದಂತೆ, ಮಂದವಾಗಿ, ಉದ್ದಕ್ಕೆ.

ಅರ್ಸಲಾನ್ ಎದ್ದು ನಿಂತಿದ್ದ. “ಇದೇ,” ಎಂದ. “ನಂಗೂ ಕೇಳ್ತಿತ್ತು ಪ್ರಿಯಾ. ಹೋದ ತಿಂಗಳು ನಂಗೂ ಒಂದ್ಸಲ ಹಸಿರು ಬಂದಿತ್ತು. ಆವತ್ತಿಂದ.”

ಸುಗತ ಮೌಸ್‌ನಿಂದ ಕೈ ತೆಗೆದರು.

ಸಂಜೆ ಮಳೆ ಹಿಡಿಯಿತು. ಯಾರೂ ಮನೆಗೆ ಹೊರಟಿರಲಿಲ್ಲ. ಅರ್ಸಲಾನ್ ಕೋಡ್ ಬಿಚ್ಚಿಕೊಂಡು ಕೂತಿದ್ದ. ನಾನು ಮಾಮಾಗೆ ಫೋನ್ ಮಾಡಿದೆ.

“ಬಂತೇನವ್ವಾ ಹಸರು ದೀಪ?”

“ಇಲ್ಲ ಮಾಮಾ. ಇವತ್ತೂ ನೀವೇ ನೋಡ್ಬೇಕು.”

“ಅಷ್ಟ್ ಮಂದಿ ಕೂಡಿ ನನ್ನ ಟಾರ್ಚಿನ ಸಮ ಆಗ್ಲಿಲ್ಲ ನೋಡು,” ಎಂದು ನಕ್ಕರು. ಆ ನಗುವಿನ ಹಿಂದೆ, ಎಲ್ಲೋ ಆಳದಲ್ಲಿ, ಗಂಟೆ ಬಾರಿಸಿತು.

“ಮಾಮಾ, ಅದೇನು ಸದ್ದು?”

“ಎಲ್ಲಿ? ಹಾಂ... ಪೈಪ್ ಇರ್ಬೇಕು. ಹಿಂದಿನ ಗ್ವಾಡಿ ಕಡಿಂದ ಬರ್ಲಿಕತ್ತದ. ತಡಿ, ನೋಡ್ತೀನಿ.”

“ಹೋಗ್ಬೇಡ್ರಿ ಮಾಮಾ. ಮ್ಯಾಲ ಬರ್ರಿ. ಈಗಲೇ.”

ನನ್ನ ದನಿಯಲ್ಲಿ ಏನಿತ್ತೋ, ಅವರು ಎದುರಾಡಲಿಲ್ಲ. ಚಪ್ಪಲಿ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ಆಮೇಲೆ ನೀರು ತುಳಿಯುವ ಸದ್ದು. ಏದುಸಿರು. ಹಿಂದೆ ಏನೋ ದೊಡ್ಡದು ಕುಸಿದು ಬಿತ್ತು. ಕೊನೆಗೆ, ಬಯಲಿನ ಮಳೆ.

ಮಾಮಾ ಮತ್ತೆ ಫೋನು ಕಿವಿಗಿಟ್ಟರು.

“ಹಿಂದಿನ ಗ್ವಾಡಿ ಬಿತ್ತವ್ವಾ. ನನ್ನ ಕ್ವಾಣಿ ಕಾಣವಲ್ದು.” ಉಸಿರು ಎಳೆದುಕೊಂಡರು. “ನಿನಗ ಯಾರು ಹೇಳಿದ್ರು?”

ತೊಲೆಯ ಕಡೆ ನೋಡಿದೆ. ಅರ್ಸಲಾನ್ ಕೂಡ ಅತ್ತಲೇ ನೋಡುತ್ತಿದ್ದ.